ಕಟ್ಟೆಯ ಎತ್ತರ

ಜೂನ್ ೮, ಭಾನುವಾರ

ನನ್ನ ಕೊಕ್ಕರೆಗೆ,

ಹೇಗಿದ್ದೀಯ? ನಿನ್ನ ಮನೆಯವರು ಹೇಗಿದ್ದಾರೆ? ಅಲ್ಲಿಯ ಅತ್ತೆಯವರ ಮಂಡಿನೋವು ಸ್ವಲ್ಪವಾದರೂ ಇಳಿದಿದೆಯೇ? ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಬರೆಯಲು ಕೂರೋಣವೆಂದರೆ ಮನೆಯಲ್ಲಿ ಸಿಮೆಂಟಿನ ಧೂಳಿಲ್ಲದ ಒಂದು ಗೇಣು ಜಾಗ ಇರಲಿಲ್ಲ. ಹೊಲಿಗೆ ಯಂತ್ರಕ್ಕೆ ಹಳೆಯ ಹೊದಿಕೆ ಹೊದಿಸಿ, ಕಾಯಿಲೆಯವರನ್ನು ಮಲಗಿಸಿದ ಹಾಗೆ ಮೂಲೆಯಲ್ಲಿ ಮಲಗಿಸಿದ್ದೆ. ಗಿರಾಕಿಗಳು ಬಂದು ಅದನ್ನೂ ನನ್ನನ್ನೂ ನೋಡಿ, "ಯಾವಾಗ ಎದ್ದೇಳುತ್ತೆ?" ಎಂದು ಕೇಳಿ ಹೋಗುತ್ತಿದ್ದರು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಚೆನ್ನಾಗಿದ್ದೀನಿ ಅತ್ತೆ" ಎನ್ನುತ್ತೀಯ, ನಾನು "ನಾವೂ ಚೆನ್ನಾಗಿದ್ದೀವಮ್ಮ" ಎನ್ನುತ್ತೇನೆ. ಅಷ್ಟರಲ್ಲಿ ನಿನ್ನ ಹಿಂದೆ ಯಾರೋ ಪಾತ್ರೆ ಇಟ್ಟ ಸದ್ದಾಗುತ್ತದೆ, ನೀನು ದನಿ ತಗ್ಗಿಸಿ "ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಪಾತ್ರೆ ಯಾರು ಇಟ್ಟರು, ಆ ಅಡುಗೆಮನೆ ಹೇಗಿದೆ, ಬೆಳಕು ಯಾವ ಕಡೆಯಿಂದ ಬರುತ್ತದೆ, ಒಂದೂ ನನಗೆ ಗೊತ್ತಿಲ್ಲ. ನೀನು ನಿಂತಿರುವ ಜಾಗ ಕಣ್ಣಿಗೆ ಬಾರದೆ ನನ್ನ ಮಾತೂ ನಿಂತುಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇಲ್ಲಿ ನಡುವೆ ಯಾರೂ ಪಾತ್ರೆ ಇಡುವುದಿಲ್ಲ.

ಈಗ ಸುದ್ದಿ ಕೇಳು. ನಮ್ಮ ಅಡುಗೆಮನೆ ಮುಗಿಯಿತು. ಮುಗಿಯಿತು ಎಂದರೆ ನಿಜವಾಗಿಯೂ ಮುಗಿಯಿತು. ಮೇಸ್ತ್ರಿ ಬಾಂಡಲಿ, ಕರಣೆ, ರಸಮಟ್ಟ ಎಲ್ಲ ಕಟ್ಟಿಕೊಂಡು ಹೋದ. ನಿನ್ನೆ ಬಂದ ಬಡಗಿಯೂ ಕೊನೆಯ ಕಪಾಟಿನ ಬಾಗಿಲಿಗೆ ಹಿಡಿ ಹಾಕಿ, ತನ್ನ ಚಹಾ ಕುಡಿದು, ನನ್ನ ಚಹಾದ ಬಗ್ಗೆ ಎರಡು ಮಾತು ಅಂದು ಹೊರಟ.

ಶುರುವಾದದ್ದು ಒಂದು ಹನಿಯಿಂದ. ಸಿಂಕಿನ ಹಿಂದಿನ ಗೋಡೆ ನೆನೆದು ನೆನೆದು ಬಣ್ಣ ಉದುರುತ್ತಿತ್ತಲ್ಲ, ಈ ಸಲ ಬೆರಳಿಟ್ಟರೆ ಬೆರಳೇ ಒಳಗೆ ಹೋಗುವಷ್ಟಾಗಿತ್ತು. ಪ್ಲಂಬರ್ ಬಂದು ನೋಡಿ, "ಒಳಗಿನ ಪೈಪು ಹೋಗಿದೆ, ಇಷ್ಟಗಲ ಗೋಡೆ ಒಡೀಬೇಕಾಗುತ್ತೆ" ಎಂದು ಎರಡು ಕೈ ಅಗಲಿಸಿ ತೋರಿಸಿದ. ನನಗೆ ಏನು ಬಂತೋ ಗೊತ್ತಿಲ್ಲ. "ಒಡೆಯೋದು ಹೇಗೂ ಒಡೀತೀರಿ, ಪೂರ್ತಿ ಒಡೆದುಬಿಡಿ" ಎಂದೆ. ನಿನ್ನ ಮಾವ ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಿಲ್ಲಿಸಿ, "ನಿಜವಾಗ್ಲೂ?" ಎಂದರು. ಗೋಡೆಯಾಚೆ ಬಟ್ಟೆ ಒಗೆಯುವ ಕಲ್ಲಿದ್ದ ಜಾಗವಿತ್ತಲ್ಲ, ಅದನ್ನೆಲ್ಲ ಒಳಗೆ ಸೇರಿಸಿ ಕಾಂಪೌಂಡಿನವರೆಗೆ ಅಡುಗೆಮನೆ ಬೆಳೆಸೋಣ ಎಂದೆ. ನೀನಿದ್ದಾಗ ನೂರು ಸಲ ಆಡಿದ ಮಾತೇ. ಅವತ್ತು ಅದಕ್ಕೆ ಕಾಲು ಬಂತು, ಅಷ್ಟೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಅಡುಗೆಮನೆ ಒಡೆದು ನೋಡು ಎನ್ನುವುದನ್ನು ಮರೆತಿದ್ದಾರೆ. ಮೂರು ತಿಂಗಳು ನಡುಮನೆಯಲ್ಲಿ ಒಲೆ, ಬಚ್ಚಲಲ್ಲಿ ಪಾತ್ರೆ, ಮಂಚದ ಕೆಳಗೆ ಅಕ್ಕಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಮೇಸ್ತ್ರಿ ಒಂದು ಹೇಳಿದರೆ ಪ್ಲಂಬರ್ ಇನ್ನೊಂದು. ನಿನ್ನ ಮಾವ ಬಸ್ಸಿನ ಡ್ಯೂಟಿ ಮುಗಿಸಿ ಬಂದವರೇ ಇಲ್ಲಿಯೂ ಡ್ಯೂಟಿ ಹಾಕಿಕೊಳ್ಳುತ್ತಿದ್ದರು. ಫ್ರಿಜ್ಜನ್ನು ಹೊಸ ಮೂಲೆಗೆ ಸಾಗಿಸುವಾಗ ಬಾಗಿಲಲ್ಲಿ ನಿಂತು, "ಬರ್ಲಿ, ಬರ್ಲಿ, ಬರ್ಲಿ... ಎಡಕ್ಕೆ ಕಟ್ ಮಾಡಿ... ಹೋಲ್ಡಾನ್!" ಎಂದು ಗೋಡೆಗೆ ಎರಡು ಸಲ ಬಡಿದರು. ಫ್ರಿಜ್ಜು ಹೊತ್ತವರು ನಗು ತಡೆಯಲಾರದೆ ಅದನ್ನು ಅಲ್ಲೇ ಇಳಿಸಿಬಿಟ್ಟರು. ನೀನಿದ್ದಿದ್ದರೆ ನೆಲಕ್ಕೆ ಕೂತು ನಗುತ್ತಿದ್ದೆ.

ನನ್ನ ನಾದಿನಿ ನೋಡಲು ಬಂದಿದ್ದಳು. ಅವಳ ಬಾಯಿ ನಿನಗೆ ಗೊತ್ತಲ್ಲ. ಹೊಸ ಜಾಗದ ನಡುವೆ ನಿಂತು ಸುತ್ತ ನೋಡಿ, "ಮಗ ಹೋದ. ಸೊಸೆಗೆ ನೀನೇ ಮುಂದೆ ನಿಂತು ಇನ್ನೊಂದು ಮದುವೆ ಮಾಡಿ ಕಳಿಸ್ದೆ. ಈಗ ಮನೇಲಿ ಇರೋದು ನೀವಿಬ್ರು. ಇಷ್ಟು ದೊಡ್ಡ ಅಡುಗೆಮನೆ ಯಾರಿಗೆ ಅತ್ತಿಗೆ?" ಎಂದಳು.

"ನನಗೆ. ನಾನು ಓಡಾಡ್ತೀನಿ" ಎಂದೆ.

"ಅವಳು ಬರ್ತಾಳೆ ಅಂತ ಕಟ್ಟಿಸಿದ್ದೀಯ. ಅವಳೀಗ ಬೇರೆ ಮನೆ ಸೊಸೆ. ಹೋದ ಮೇಲೆ ಒಂದು ಸಲನಾದ್ರೂ ಬಂದ್ಳಾ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವಷ್ಟು ಸಿಟ್ಟು ನನಗೂ ಬಂತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದಿತ್ತು? ಸಕ್ಕರೆ ಎರಡು ಚಮಚ ಜಾಸ್ತಿ ಹಾಕಿ ಚಹಾ ಕೊಟ್ಟೆ. ಅವಳಿಗೆ ಸಕ್ಕರೆ ಆಗುವುದಿಲ್ಲ ಎಂದು ಆಮೇಲೆ ನೆನಪಾಯಿತು. ನಗಬೇಡ, ಬೇಕೆಂದು ಮಾಡಿದ್ದಲ್ಲ.

ನಮ್ಮ ಹಳೆಯ ಅಡುಗೆಮನೆ ನೆನಪಿದೆಯಾ ಕೊಕ್ಕರೆ? ಒಬ್ಬರು ಉಸಿರು ಬಿಟ್ಟರೆ ಇನ್ನೊಬ್ಬರು ಎಳೆದುಕೊಳ್ಳಬೇಕಾದಂಥ ಜಾಗ. ನೀನು ಬಂದ ಹೊಸದರಲ್ಲಿ ಅಲ್ಲಿ ನಾವು ಆಡದ ಜಗಳವಿಲ್ಲ. ಉಪ್ಪಿನ ಡಬ್ಬಿ ಎಡಕ್ಕೋ ಬಲಕ್ಕೋ ಎಂದು ಒಂದು ವಾರ ಮಾತು ಬಿಟ್ಟಿದ್ದೆವು. ಕೊನೆಗೆ ಆ ಇಕ್ಕಟ್ಟೇ ನಮ್ಮನ್ನು ಪಳಗಿಸಿತು. ನಿನ್ನ ಹಿಂದಿನಿಂದ ನಾನು ದಾಟುವಾಗ "ಬೆನ್ನು" ಎನ್ನುವುದು, ನೀನು ಒಲೆಯಿಂದ ಪಾತ್ರೆ ಎತ್ತುವಾಗ "ಬಿಸಿ" ಎನ್ನುವುದು. "ಬೆನ್ನು" ಎಂದರೆ ನೀನು ನೋಡದೆಯೇ ಹೊಟ್ಟೆ ಒಳಗೆಳೆದುಕೊಂಡು ಕಟ್ಟೆಗೆ ಅಂಟುತ್ತಿದ್ದೆ, "ಬಿಸಿ" ಎಂದರೆ ನಾನು ಇದ್ದಲ್ಲೇ ಕಲ್ಲಾಗುತ್ತಿದ್ದೆ. ಅವನು ಬಾಗಿಲಲ್ಲಿ ನಿಂತು, "ಇದೇನು ಅಡುಗೆಮನೆನಾ ಸರ್ಕಸ್ಸಾ?" ಎನ್ನುತ್ತಿದ್ದ.

ಅವನು ಹೋದ ಮೇಲೆ ಆ ಒಂದು ವರ್ಷ ನಾವಿಬ್ಬರೂ ಆಡಿದ ಮಾತು ಆ ಎರಡೇ ಇರಬೇಕು. ಬೆನ್ನು. ಬಿಸಿ. ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ಸುಸ್ತಾಗಿ ಹೋದರು. ನನ್ನನ್ನು ಉಳಿಸಿದ್ದು ಮಾತ್ರ ಬೆಳಗ್ಗೆ ಎದ್ದರೆ ನಿನ್ನ ಬೆನ್ನು ಅಲ್ಲಿ ಒಲೆಯ ಮುಂದೆ ಇರುತ್ತದೆ ಎನ್ನುವ ನಂಬಿಕೆ. ಇದನ್ನು ನಿನಗೆ ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಬಾಗಿಲಲ್ಲಿ ಯಾರೋ ಬಂದರು. ಶಾಲೆಯ ಸಮವಸ್ತ್ರ ಹೊಲಿಸುವವರಿರಬೇಕು, ಶಾಲೆ ತೆರೆದ ಮೇಲೆ ಎಲ್ಲರಿಗೂ ಇದ್ದಕ್ಕಿದ್ದಂತೆ ಮಕ್ಕಳು ಬೆಳೆದದ್ದು ಕಾಣುತ್ತದೆ. ಉಳಿದದ್ದು ಆಮೇಲೆ.

ಬುಧವಾರ

ಮೂರು ದಿನ ತಲೆ ಎತ್ತಲು ಬಿಡಲಿಲ್ಲ ಈ ಜನ. ಈಗ ಹೊಸ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ಕೂರಲು ಜಾಗವಿದೆ ಎಂದರೆ ನಂಬುತ್ತೀಯಾ? ಒಂದು ಮೇಜು, ಎರಡು ಕುರ್ಚಿ ಹಿಡಿದಿವೆ. ನೆಲದ ಟೈಲ್ಸು ಬೂದುಬಣ್ಣ. ನಿನ್ನ ಮಾವನಿಗೆ ಕೆಂಪು ಬೇಕಿತ್ತು, ಬಸ್ಸಿಗೆ ಮಾತ್ರ ಕೆಂಪು ಎಂದು ನಾನು ಬಿಡಲಿಲ್ಲ. ಕಪಾಟುಗಳು ಮೆಲ್ಲಗೆ ತಾವೇ ಮುಚ್ಚಿಕೊಳ್ಳುತ್ತವೆ. ಸಿಟ್ಟು ಬಂದಾಗ ಬಡಿಯೋಣವೆಂದರೆ ಬಡಿಯಲಾಗುವುದಿಲ್ಲ, ಅದೊಂದು ನಷ್ಟ.

ಇನ್ನು ಕಟ್ಟೆಯ ಕತೆ. ಇದನ್ನು ಹೇಳಲೋ ಬೇಡವೋ ಎಂದು ಭಾನುವಾರದಿಂದ ಯೋಚಿಸುತ್ತಿದ್ದೇನೆ. ಊರಿಗೆಲ್ಲ ಗೊತ್ತಾಗಿರುವಾಗ ನಿನಗೆ ಗೊತ್ತಾಗದಿದ್ದರೆ ಹೇಗೆ?

ಒಂದು ದಿನ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆಯುತ್ತಿದ್ದೆ. ಬಾಯಲ್ಲಿ ಗುಂಡುಸೂಜಿ, ಕುತ್ತಿಗೆಯಲ್ಲಿ ಟೇಪು. ಒಳಗಿನಿಂದ ಮೇಸ್ತ್ರಿ ಕೂಗಿ ಕೇಳಿದ: "ಅಮ್ಮಾ, ಕಟ್ಟೆ ಎಷ್ಟು ಎತ್ತರ ತಗೊಳ್ಳಲಿ? ಒಲೆ ಮುಂದೆ ನಿಲ್ಲೋರ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಬೇಕು. ಮೊಣಕೈ ಎಷ್ಟಕ್ಕೆ ಬರುತ್ತೆ ಹೇಳಿ ಸಾಕು."

ಸೂಜಿ ಕೈಗೆ ತೆಗೆದುಕೊಂಡು ಇಂಚಿನಲ್ಲಿ ಹೇಳಿದೆ. ಯೋಚನೆಯನ್ನೇ ಮಾಡಲಿಲ್ಲ. ನನ್ನ ಕಸುಬು ನಿನಗೆ ಗೊತ್ತು, ಒಂದು ಸಲ ಬಟ್ಟೆ ಹೊಲಿದುಕೊಟ್ಟ ಮೈಯ ಅಳತೆ ನನಗೆ ಮರೆಯುವುದಿಲ್ಲ. ಭುಜದಿಂದ ಮೊಣಕೈ, ಮೊಣಕೈಯಿಂದ ನೆಲ, ಎಲ್ಲ ನಾಲಿಗೆಯ ತುದಿಯಲ್ಲಿರುತ್ತವೆ. ಹೇಳಿ ಮತ್ತೆ ಸೂಜಿ ಬಾಯಿಗಿಟ್ಟುಕೊಂಡು ಗಿರಾಕಿಯ ತೋಳಿಗೆ ಮರಳಿದೆ.

ಇಟ್ಟಿಗೆ ಎದ್ದಿತು, ಕಲ್ಲು ಕೂತಿತು, ಒಲೆ ಬಂತು. ಎಲ್ಲ ಒಣಗಿದ ಮೇಲೆ ನಾನು ಮೊದಲ ಸಲ ಅದರ ಮುಂದೆ ಹೋಗಿ ನಿಂತೆ. ಕೊಕ್ಕರೆ, ಕಟ್ಟೆ ನನ್ನ ಎದೆಯ ಹತ್ತಿರಕ್ಕೆ ಬಂದಿತ್ತು. ಪಾತ್ರೆಯೊಳಗೆ ಚಮಚ ಆಡಿಸಬೇಕೆಂದರೆ ಪೊಲೀಸಿನವರಿಗೆ ಶರಣಾದ ಹಾಗೆ ಕೈ ಮೇಲೆತ್ತಬೇಕು. ನಿನ್ನ ಮಾವ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಊರಿಗೆಲ್ಲ ಅಳತೆ ತೆಗೆಯೋಳು, ನಿನ್ನ ಅಳತೇನೇ ತಪ್ಪಿದ್ಯಲ್ಲೇ!" ಎಂದರು.

ಆಮೇಲೆ ಅವರು ನನ್ನನ್ನು ನೋಡಿದರು, ಕಟ್ಟೆಯನ್ನು ನೋಡಿದರು. ಅವರ ನಗು ಅರ್ಧಕ್ಕೇ ಇಂಗಿತು.

"ಇದು ಅವಳ ಎತ್ತರ ಅಲ್ವೇನೇ" ಎಂದರು.

"ಹೂಂ" ಎಂದೆ.

ಅಷ್ಟೇ. ಗೇಟಿನ ಹತ್ತಿರ ಏನೋ ನೋಡುವುದಿದೆ ಎಂದು ಹೊರಗೆ ಹೋದರು. ಗೇಟಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತಿದ್ದರು.

ಮೇಸ್ತ್ರಿ ಒಳ್ಳೆಯವನು, ಗಾಬರಿಯಾದ. "ಅರ್ಧ ದಿನದ ಕೆಲ್ಸ ಅಮ್ಮಾ, ಕಲ್ಲು ಎತ್ತಿ ಎರಡು ವರಸೆ ಇಟ್ಟಿಗೆ ತೆಗೆದ್ರೆ ಸರಿಹೋಗುತ್ತೆ" ಎಂದ. ನಾನು ಬೇಡವೆಂದೆ. "ಹಾಗಾದ್ರೆ ಬೆನ್ನು ಹಿಡಿಯುತ್ತೆ, ಭುಜ ಹಿಡಿಯುತ್ತೆ" ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದ. ಹಿಡಿಯಲಿ ಎಂದೆ. ಕೊನೆಗೆ ಬಡಗಿಯನ್ನು ಕರೆಸಿ ಒಲೆಯ ಮುಂದೆ ಉದ್ದಕ್ಕೆ ಒಂದು ಮರದ ಮೆಟ್ಟಿಲು ಮಾಡಿಸಿಕೊಂಡೆ. ಅವನು ಮೊಳೆ ಹೊಡೆಯುತ್ತಾ, "ಕಟ್ಟೆ ತಗ್ಗಿಸೋದು ಬಿಟ್ಟು ಮನುಷ್ಯರನ್ನ ಎತ್ತರ ಮಾಡೋ ಮನೆ ಇದೊಂದೇ ನೋಡಿದ್ದು" ಎಂದ. ಈಗ ನಾನು ಮೆಟ್ಟಿಲ ಮೇಲೆ ನಿಂತು ಭಾಷಣಕ್ಕೆ ಹೊರಟವಳ ಹಾಗೆ ಅಡುಗೆ ಮಾಡುತ್ತೇನೆ. ನಿನ್ನ ಮಾವ ದಿನಾ ಚಪ್ಪಾಳೆ ತಟ್ಟುತ್ತಾರೆ.

ಯಾಕೆ ಒಡೆಸಲಿಲ್ಲ ಎಂದು ನೀನು ಕೇಳಬೇಡ. ನಾದಿನಿ ಹೇಳಿದ್ದು ಸರಿ, ನೀನು ಬರುತ್ತೀಯ ಎಂದೇ ನಾನು ಇದನ್ನು ಕಟ್ಟಿಸಿದ್ದು. ಇರುವುದಕ್ಕೆ ಬಾ ಎನ್ನುವಷ್ಟು ಬುದ್ಧಿಗೆಟ್ಟವಳಲ್ಲ ನಾನು. ಒಂದು ಸಲ ಬಂದು, ಆ ಒಲೆಯ ಮುಂದೆ ಬಗ್ಗದೆ ನೆಟ್ಟಗೆ ನಿಂತು, ಸುಮ್ಮನೆ ಹಾಲಾದರೂ ಕಾಯಿಸಿ ಹೋದರೆ ಸಾಕು. ಅಷ್ಟು ಕಾಲ ನಮ್ಮ ಮನೆಯಲ್ಲಿ ಬೆನ್ನು ಬಗ್ಗಿಸಿಯೇ ಇದ್ದೆ ನೀನು. ತಗ್ಗು ಕಟ್ಟೆ, ತಲೆಗೆ ತಾಗುವ ಅಟ್ಟ. ನೆಟ್ಟಗೆ ನಿಲ್ಲುವ ಜಾಗ ಕೊಡುವ ಹೊತ್ತಿಗೆ ನೀನಿಲ್ಲ.

ನಿನ್ನನ್ನು ಕಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನು ಸ್ಪಷ್ಟವಾಗಿ ತಿಳಿದುಕೋ. ಒಂದು ದಿನ ನಾನು ಹೊರಗಿಂದ ಬಂದಾಗ ನೀನು ಈರುಳ್ಳಿ ಹೆಚ್ಚುತ್ತಾ ಏನೋ ಗುನುಗುತ್ತಿದ್ದೆ. ನನ್ನ ಚಪ್ಪಲಿಯ ಸದ್ದಾದ ಕೂಡಲೇ ನಿಲ್ಲಿಸಿದೆ. ಗುನುಗಿದ್ದು ತಪ್ಪೆನ್ನುವ ಹಾಗೆ ತಲೆ ತಗ್ಗಿಸಿದೆ. ಅವತ್ತೇ ನಿರ್ಧಾರ ಮಾಡಿದೆ, ಈ ಹುಡುಗಿ ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುವಂತಾಗಬಾರದು ಎಂದು. ಜನ ಏನೇನೋ ಅಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಹಂಗಿಸಿದವರೂ ಇದ್ದಾರೆ. ನಿನ್ನ ಮದುವೆಯ ಬಟ್ಟೆ ನಾನೇ ಹೊಲಿದೆ. ಹೊಲಿಗೆ ಒಂದು ಕಡೆಯೂ ಸೊಟ್ಟಗಾಗದಂತೆ ಕಣ್ಣು ಒರೆಸಿಕೊಂಡು ಒರೆಸಿಕೊಂಡು ಹೊಲಿದೆ.

ಅವನು ಹೋದದ್ದು ಸಾವು, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ನೀನು ಹೋದದ್ದು ನಾನೇ ಕಳಿಸಿದ್ದು, ಅದಕ್ಕೂ ಯಾರನ್ನೂ ದೂರುವ ಹಾಗಿಲ್ಲ. ಆದರೆ ನೆನಪಾಗುತ್ತೀಯ ಕಣೇ. ಅವನು ನೆನಪಾದಷ್ಟೇ ನೆನಪಾಗುತ್ತೀಯ. ಅವನನ್ನು ನೆನೆದರೆ ಮನೆಗೆ ಬಂದವರು ಜೊತೆಗೆ ಕೂತು ಅಳುತ್ತಾರೆ. ನಿನ್ನನ್ನು ನೆನೆದರೆ, "ಅವಳು ಸುಖವಾಗಿದ್ದಾಳಲ್ಲ, ಇನ್ನೇನು?" ಎನ್ನುತ್ತಾರೆ. ನಿಜ, ಇನ್ನೇನೂ ಇಲ್ಲ. ನೀನು ಸುಖವಾಗಿರುವುದೂ ಬೇಕು, ನನ್ನ ಕಣ್ಣಮುಂದೆ ಇರುವುದೂ ಬೇಕು ಎಂದರೆ ಎರಡೂ ಯಾರು ಕೊಡುತ್ತಾರೆ?

ನಿನ್ನೆ ಬೆಳಗ್ಗೆ ನೀರಿನ ಬಿಂದಿಗೆ ಹಿಡಿದು ಒಲೆಯ ಮುಂದಿನಿಂದ ದಾಟುವಾಗ "ಬೆನ್ನು" ಎಂದೆ. ಆನೆ ತಿರುಗುವಷ್ಟು ಜಾಗವಿದೆ. ನಿನ್ನ ಮಾವ ಮೇಜಿನ ಹತ್ತಿರ ಪೇಪರ್ ಓದುತ್ತಿದ್ದರು. ತಲೆ ಎತ್ತಲಿಲ್ಲ, ಆದರೆ ಆ ಪುಟವನ್ನು ಬಹಳ ಹೊತ್ತು ತಿರುವಲೂ ಇಲ್ಲ.

ಸರಿ, ಇನ್ನು ಸಾಕು. ಅಳಿಸುವುದಕ್ಕೆ ಬರೆಯಲು ಕೂತವಳಲ್ಲ. ನೀನು ಬಂದರೆ ನಿನ್ನ ಮನೆಯವರನ್ನೂ ಕರೆದುಕೊಂಡು ಬಾ. ಅವರನ್ನು ಮದುವೆಯ ದಿನ ಸರಿಯಾಗಿ ಮಾತಾಡಿಸಲಾಗಲಿಲ್ಲ. ಒಳ್ಳೆಯ ಕಣ್ಣಿನ ಮನುಷ್ಯ ಎಂದು ಆಗಲೇ ನಿನ್ನ ಮಾವನಿಗೆ ಹೇಳಿದ್ದೆ. ಬರಬೇಕಾದರೆ ಮೊದಲೇ ತಿಳಿಸಬೇಕೆಂದಿಲ್ಲ. ಅಲ್ಲಿಯ ಅತ್ತೆಯವರಿಗೆ ಬೇಸರವಾಗುವುದಾದರೆ ಅವರಿಗೂ ನನ್ನ ನಮಸ್ಕಾರ ಹೇಳಿ ಅವರನ್ನೂ ಕರೆ. ಮಂಡಿನೋವಿನವರಿಗೆ ಕುರ್ಚಿ ಇದೆ.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾರದ ಪಾತ್ರೆ ಎತ್ತಬೇಡ, ಎತ್ತುವವರು ಬೇರೆ ಇರಲಿ. ಹಸಿ ನೆಲದಲ್ಲಿ ಓಡಬೇಡ, ನಿನ್ನ ಉದ್ದಕ್ಕೆ ಬಿದ್ದರೆ ಸದ್ದು ಇಲ್ಲಿಯವರೆಗೆ ಕೇಳಿಸುತ್ತದೆ. ನೂರು ಕಾಲ ಚೆನ್ನಾಗಿರು, ನಿನ್ನ ಮನೆ ತುಂಬಿರಲಿ, ನಿನ್ನ ಬಾಯಲ್ಲಿ ಹಾಡಿರಲಿ.

ನಿನ್ನ ಮಾವನ ಆಶೀರ್ವಾದವೂ ಸೇರಿ,

ನಿನ್ನ
ಅತ್ತೆ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಲು ಹೋಗಿ ಮತ್ತೆ ತೆರೆದೆ.

ಹೊಸ ಸ್ಲಾಬ್ ಹಾಕಿದ ವಾರ ನಾನು ದಿನಾ ತಾರಸಿಗೆ ಹತ್ತಿ ಅದಕ್ಕೆ ನೀರು ಬಿಡುತ್ತಿದ್ದೆ. ಅವತ್ತು ಪೈಪು ಹಿಡಿದು ನಿಂತಿದ್ದಾಗ ಗೇಟಿನ ಹತ್ತಿರ ನೀನು ಬಂದು ನಿಂತದ್ದು ಕಂಡಿತು. ಮೇಲಿನಿಂದ ನೋಡಿದರೂ ನಿನ್ನ ಬೈತಲೆ ನನಗೆ ತಿಳಿಯುವುದಿಲ್ಲವೇ? ಚಿಲಕದ ಮೇಲೆ ಒಂದು ಕೈ ಇತ್ತು. ಇನ್ನೊಂದು ಕೈ ಹೊಟ್ಟೆಯ ಮೇಲೆ. ನಿನಗೆ ಬಟ್ಟೆ ಹೊಲಿದವಳು ನಾನು. ನೀನು ಹೇಳಬೇಕಾಗಿಯೇ ಇರಲಿಲ್ಲ, ನೋಡಿದ ಕೂಡಲೇ ತಿಳಿಯಿತು.

ಕೂಗಿದೆ. ಕೆಳಗೆ ಕಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು. ಇನ್ನೊಂದು ಸಲ, ಗಂಟಲು ಹರಿಯುವ ಹಾಗೆ ಕೂಗಿದೆ. ನೀನು ಚಿಲಕದಿಂದ ಕೈ ತೆಗೆದೆ. ಪೈಪು ಬಿಸಾಡಿ ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ನೀನು ಇರಲಿಲ್ಲ. ಮೂಲೆಯವರೆಗೆ ಓಡಿದೆ, ಚಪ್ಪಲಿಯೂ ಇರಲಿಲ್ಲ. ಇದನ್ನು ನಿನ್ನ ಮಾವನಿಗೂ ಹೇಳಿಲ್ಲ.

ನಿನ್ನ ಮಗುವನ್ನು ನೋಡಿದರೆ ನನ್ನ ಕರುಳು ಹಿಂಡುತ್ತದೆ ಎಂದು ಹೆದರಿ ಹಿಂದಿರುಗಿದೆಯಾ? ಹಿಂಡುತ್ತದೆ, ಸುಳ್ಳು ಹೇಳುವುದಿಲ್ಲ. ಅವನದಾಗಬೇಕಿತ್ತು ಎನಿಸುತ್ತದೆ. ಆದರೂ ಅದನ್ನು ಎತ್ತಿಕೊಳ್ಳಬೇಕೆಂದೇ ಕೈ ತುಡಿಯುತ್ತದೆ. ಆ ಮಗುವಿಗೆ ನಾನು ಏನಾಗಬೇಕು ಎನ್ನುವುದಕ್ಕೆ ಒಂದು ಹೆಸರಿಲ್ಲ. ಇಲ್ಲದಿದ್ದರೆ ಬೇಡ, ಹೆಸರು ಹಿಡಿದು ಯಾರು ಕೂತಿದ್ದಾರೆ?

ಒಂದೇ ಒಂದು ನನ್ನನ್ನು ತಿನ್ನುತ್ತಿದೆ. ನನ್ನ ದನಿ ಅವತ್ತು ನಿನಗೆ ಕೇಳಿಸಿತೋ ಇಲ್ಲವೋ?

ಕೇಳಿಸದೆ ಹೋಗಿದ್ದರೆ ಬಾ. ಕೇಳಿಸಿಯೂ ಹೋಗಿದ್ದರೆ, ಆಗಲೂ ಬಾ.